ಜಾತ್ರೆಯಿಂದ ತಂದ ಎತ್ತು ಇಳಿದು ಹೋಯ್ತೇ? ಮೂರು ವಾರ ತಡೀರಿ

ಜಾತ್ರೆಯಿಂದ ಎತ್ತು ತಂದವರ ಬಾಯಲ್ಲಿ ತಿಂಗಳೊಳಗೆ ಬರುವ ಮಾತು ಒಂದೇ: "ಅಲ್ಲಿ ನೋಡಿದಾಗ ಮೈ ತುಂಬಿಕೊಂಡು ಚೆನ್ನಾಗಿತ್ತು, ನಮ್ಮ ಕೊಟ್ಟಿಗೆಗೆ ಬಂದ ಮೇಲೆ ಇಳಿದು ಹೋಯ್ತು." ಕೆಲವರು ಕಣ್ಣು ಬಿತ್ತು ಅಂತಾರೆ. ಕೆಲವರು ಮಾರಿದವನನ್ನು ಬಯ್ಯುತ್ತಾರೆ. ಇನ್ನು ಕೆಲವರು ಹುರುಳಿ ಮೂಟೆ ಬಿಚ್ಚುತ್ತಾರೆ. ಈ ಮೂರನೆಯವರಿಂದಲೇ ಎತ್ತಿಗೆ ಹೆಚ್ಚು ಕೇಡು.

ನಮ್ಮದು ಶಿರಾ ತಾಲ್ಲೂಕಿನಲ್ಲಿ ಆರು ಎಕರೆ ಮಳೆ ನಂಬಿದ ಹೊಲ. ಕಡಲೆಕಾಯಿ, ರಾಗಿ, ನಡುವೆ ಸಾಲಿಗೆ ತೊಗರಿ, ಅವರೆ. ಟ್ರ್ಯಾಕ್ಟರ್ ಬೇಡ ಅನ್ನುವವನಲ್ಲ ನಾನು. ಉಳುಮೆಗೆ ಅದೇ ಬರುತ್ತೆ. ಆದರೆ ಕೂರಿಗೆಯಲ್ಲಿ ಬಿತ್ತೋದಕ್ಕೆ, ಸಾಲಿನ ನಡುವೆ ಕುಂಟೆ ಹೊಡೆಯೋದಕ್ಕೆ ಎತ್ತೇ ಆಗಬೇಕು. ನಮ್ಮ ಕೆಂಪು ಮರಳು ನೆಲದಲ್ಲಿ ಮಳೆ ಬಿದ್ದರೆ ಹದ ನಿಲ್ಲೋದು ಎರಡು ಮೂರು ದಿನ. ಬಾಡಿಗೆ ಟ್ರ್ಯಾಕ್ಟರಿನ ಸರದಿ ನಮಗೆ ಬರುವಷ್ಟರಲ್ಲಿ ನೆಲ ಆರಿರುತ್ತೆ.

೨೦೨೩ರ ಬರದಲ್ಲಿ ನಮ್ಮ ಹಳೇ ಜೋಡಿ ಕೈಬಿಟ್ಟಿತು, ಎರಡಕ್ಕೂ ವಯಸ್ಸಾಗಿತ್ತು. ೨೦೨೪ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ಒಂದು ಜಾತ್ರೆಯಿಂದ ನಾಲ್ಕು ಹಲ್ಲಿನ ಹಳ್ಳಿಕಾರ್ ಜೋಡಿ ತಂದೆವು, ೧,೧೫,೦೦೦ ರೂಪಾಯಿ. ಅದರಲ್ಲಿ ೬೦,೦೦೦ ನಮ್ಮ ಮನೆಯವಳ ಸಂಘದ ಸಾಲ. ಜೂನ್ ಮಳೆಗೆ ಎತ್ತು ನೊಗಕ್ಕೆ ನಿಲ್ಲದಿದ್ದರೆ ಬಿತ್ತನೆಯೂ ಹೋಯ್ತು, ವಾರವಾರ ಕಟ್ಟೋ ಕಂತೂ ತಪ್ಪಿತು ಅನ್ನೋ ಸ್ಥಿತಿ. ಹಾಗಾಗಿ ಪ್ರತಿಯೊಂದನ್ನೂ ಅಳೆದು, ಬರೆದಿಟ್ಟುಕೊಂಡೇ ಮಾಡಿದ್ದು. ಅದನ್ನೇ ಇಲ್ಲಿ ಹೇಳ್ತೀನಿ.

ಇಳಿಯೋದು ಯಾಕೆ?

ಮೊದಲನೇದು, ಜಾತ್ರೆಯಲ್ಲಿ ನೀವು ನೋಡಿದ್ದೆಲ್ಲ ಮೈ ಅಲ್ಲ. ಮಾರಾಟದ ದಿನ ಬೆಳಿಗ್ಗೆ ಕೆಲವರು ಉಪ್ಪು ನೆಕ್ಕಿಸಿ ನೀರು ಕುಡಿಸಿ ಹೊಟ್ಟೆ ಉಬ್ಬಿಸಿರುತ್ತಾರೆ. ಹೊಟ್ಟೆ ನೋಡಬೇಡಿ. ಪಕ್ಕೆಲುಬು, ಸೊಂಟದ ಮೂಳೆ, ಬಾಲದ ಬುಡ ಈ ಮೂರು ಕಡೆ ಕೈಯಾಡಿಸಿ ನೋಡಿ. ಅಲ್ಲಿ ಇರೋದು ಮಾತ್ರ ಮಾಂಸ. ಮೇಲೆ ಟೆಂಪೋದಲ್ಲಿ ಒಂದು ರಾತ್ರಿ ನಿಂತು ಬಂದರೆ ಹೊಟ್ಟೆಯ ಮೇವು, ನೀರು ಎರಡೂ ಖಾಲಿಯಾಗಿ ತೂಕ ಬೀಳುತ್ತೆ. ಇದು ಕಾಯಿಲೆ ಅಲ್ಲ.

ಎರಡನೇದು ಮುಖ್ಯ. ಎತ್ತು ತಿಂದ ಹುಲ್ಲನ್ನು ಅರಗಿಸೋದು ಎತ್ತಲ್ಲ, ಅದರ ದೊಡ್ಡ ಹೊಟ್ಟೆಯಲ್ಲಿರುವ ಕಣ್ಣಿಗೆ ಕಾಣದ ಜೀವಾಣುಗಳು. ಅಂಬಲಿ ಗಡಿಗೆಯ ಹುದುಗಿನ ಹಾಗೆ ಅಂದುಕೊಳ್ಳಿ. ಭತ್ತದ ಹುಲ್ಲು, ಕಬ್ಬಿನ ಸೋಗೆ ತಿಂದ ಹೊಟ್ಟೆಯಲ್ಲಿ ಅದಕ್ಕೆ ಹೊಂದಿದ ಹುದುಗು ಇರುತ್ತೆ. ನಮ್ಮ ರಾಗಿ ಹುಲ್ಲು, ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟಿಗೆ ಹೊಸ ಹುದುಗು ಕೂಡಬೇಕು. ಅದಕ್ಕೆ ಎರಡರಿಂದ ಮೂರು ವಾರ ಹಿಡಿಯುತ್ತೆ. ಆ ಮೂರು ವಾರದಲ್ಲಿ ನೀವು ಎಷ್ಟು ಒಳ್ಳೇದು ತಿನ್ನಿಸಿದರೂ ಅದು ಮೈಗೆ ಹತ್ತೋದಿಲ್ಲ, ಸೆಗಣಿಯಾಗಿ ಹೋಗುತ್ತೆ. ಅಷ್ಟೇ ಆದರೆ ಪರವಾಗಿಲ್ಲ. ೨೦೧೯ರಲ್ಲಿ ನಮ್ಮ ಪಕ್ಕದ ಹಳ್ಳಿಯ ಒಬ್ಬರು ಎತ್ತು ತಂದ ಸಂಜೆಯೇ ಪ್ರೀತಿಯಿಂದ ಐದು ಸೇರು ಮುಸುಕಿನ ಜೋಳದ ಹಿಟ್ಟು ಕಲಸಿ ಇಟ್ಟರು. ಹಸಿದಿದ್ದ ಎತ್ತು ಬಾನಿ ನೆಕ್ಕಿ ಮುಗಿಸಿತು. ಮಾರನೇ ದಿನ ಮೆಲುಕು ನಿಂತಿತು, ಹುಳಿ ವಾಸನೆಯ ನೀರು ಸೆಗಣಿ, ಹಲ್ಲು ಕಡಿಯೋದು. ಮೂರನೇ ದಿನ ಎತ್ತು ಏಳಲಿಲ್ಲ. ಅಷ್ಟೊಂದು ಹಿಟ್ಟು ಒಟ್ಟಿಗೇ ಬಿದ್ದರೆ ಹೊಟ್ಟೆಯೆಲ್ಲ ಹುಳಿಯಾಗಿ ರಕ್ತಕ್ಕೂ ಏರುತ್ತೆ ಅಂತ ಡಾಕ್ಟರು ಹೇಳಿದರು. ಇಂಥ ಲಕ್ಷಣ ಕಂಡರೆ ಗೊಟ್ಟದಲ್ಲಿ ಅದು ಇದು ಕುಡಿಸಲು ಹೋಗಬೇಡಿ, ಶ್ವಾಸಕೋಶಕ್ಕೆ ಇಳಿದರೆ ಅದೇ ಸಾವು ತರುತ್ತೆ. ಹಿಟ್ಟು ಕಾಳು ನಿಲ್ಲಿಸಿ, ಒಣಹುಲ್ಲು ಮಾತ್ರ ಇಟ್ಟು ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.

ನಾನು ಹುಡುಗನಾಗಿದ್ದಾಗ ಶಿರಾದಲ್ಲಿ ಜಟಕಾ ಓಡಿಸುತ್ತಿದ್ದ ಸಾಬರೊಬ್ಬರು ಇದ್ದರು. ಹೊಸ ಕುದುರೆ ಲಾಯಕ್ಕೆ ಬಂದರೆ ಹತ್ತು ದಿನ ಹುರುಳಿ ತೋರಿಸುತ್ತಲೇ ಇರಲಿಲ್ಲ, ಬರೀ ಹುಲ್ಲು. ಕುದುರೆ ಮೆಲುಕು ಹಾಕೋ ಪ್ರಾಣಿಯಲ್ಲ, ಅದಕ್ಕೆ ಹೊಟ್ಟೆನೋವು ಬಂದರೆ ಇನ್ನೂ ಬೇಗ ಹೋಗುತ್ತೆ. ಆದರೆ ಲೆಕ್ಕ ಒಂದೇ.

ವ್ಯಾಪಾರ ಮುಗಿದ ಮೇಲೆ ಕೇಳಬೇಕಾದ್ದು

ಟವೆಲ್ ಅಡಿಯಲ್ಲಿ ಬೆರಳು ಹಿಡಿದು ರೇಟು ಮುಗಿಸಿದ ಕೂಡಲೇ ಎತ್ತು ಬಿಚ್ಚಿಕೊಂಡು ಹೊರಟುಬಿಡ್ತಾರೆ ನಮ್ಮ ಜನ. ದಲ್ಲಾಳಿಯನ್ನು ಆಚೆ ಬಿಟ್ಟು ಸಾಕಿದವರ ಹತ್ತಿರ ಅರ್ಧ ಗಂಟೆ ಕೂತು ಮಾತಾಡಿ. ಏನು ಹೆಸರಿಟ್ಟು ಕರೀತಾರೆ? ಎಡಕ್ಕೆ ಕಟ್ಟೋದು ಯಾವುದು, ಬಲಕ್ಕೆ ಯಾವುದು? ಮೇವು ಹಾಕ್ತಿದ್ದದ್ದು ಗಂಡಸರೋ ಹೆಂಗಸರೋ? ನೀರು ತೊಟ್ಟಿಯಲ್ಲೋ ಬಕೆಟ್ಟಿನಲ್ಲೋ? ಹಿಂಡಿ ಬೂಸ ಎಷ್ಟು, ಯಾವ ಹೊತ್ತಿಗೆ? ನಮಗೆ ಮಾರಿದವರ ಮನೆಯಲ್ಲಿ ಅಜ್ಜಿ ಮೇವು ಹಾಕ್ತಿದ್ದರಂತೆ, ಬಲಗಡೆಯದು ರಾಮ, ಎಡಗಡೆಯದು ಭೀಮ. ನಾವೂ ಅದೇ ಹೆಸರು ಉಳಿಸಿಕೊಂಡೆವು. ಎರಡು ಹೊರೆ ಭತ್ತದ ಹುಲ್ಲನ್ನೂ ದುಡ್ಡು ಕೊಟ್ಟು ಅವರಿಂದಲೇ ತಂದೆವು. ಕೊರಳ ಗಂಟೆ ಕೊಟ್ಟರೆ ಬಿಡಬೇಡಿ, ಆ ಸದ್ದು ಅದಕ್ಕೆ ಗೊತ್ತಿರೋದು.

ಕಿವಿಯಲ್ಲಿ ೧೨ ಅಂಕಿಯ ಓಲೆ ಇದ್ದರೆ ನಂಬರ್ ಬರೆದುಕೊಳ್ಳಿ. ಕಾಲುಬಾಯಿ ಜ್ವರದ ಲಸಿಕೆ ಆಗಿದೆಯೋ ಇಲ್ಲವೋ ನಿಮ್ಮೂರ ಪಶು ಆಸ್ಪತ್ರೆಯಲ್ಲಿ ನೋಡಿಸಬಹುದು. ೨೦೨೧ರಲ್ಲಿ ಗೋಹತ್ಯೆ ತಡೆ ಕಾನೂನು ಜಾರಿಯಾದ ಮೇಲೆ ದಾರಿಯಲ್ಲಿ ತಡೆದು ಕೇಳ್ತಾರೆ. ಜಾತ್ರೆ ರಶೀದಿ, ಡಾಕ್ಟರ ಸರ್ಟಿಫಿಕೇಟ್, ನಿಮ್ಮ ಪಹಣಿ ಕಿಸೆಯಲ್ಲೇ ಇರಲಿ. ಬಿಸಿಲು ಹೊತ್ತಿನಲ್ಲಿ ಸಾಗಿಸಬೇಡಿ. ಟೆಂಪೋ ತಳಕ್ಕೆ ಮರಳು ಅಥವಾ ಹುಲ್ಲು ಹಾಸದಿದ್ದರೆ ಜಾರಿ ಬಿದ್ದು ಸೊಂಟ ಹೋಗುತ್ತೆ.

ಬಂದ ದಿನದಿಂದ

ನೀರು ಒಟ್ಟಿಗೇ ತುಂಬ ಕೊಡಬೇಡಿ. ಅರ್ಧ ಬಕೆಟ್, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅರ್ಧ. ನಮ್ಮ ಬೋರ್‌ವೆಲ್ ನೀರು ಗಡಸು, ನಾಲೆ ನೀರು ಕುಡಿದು ಬೆಳೆದ ಎತ್ತು ಮೂಸಿ ನೋಡಿ ಮುಖ ತಿರುಗಿಸಿತು. ನೀರು ಕುಡಿಯದ ಎತ್ತು ಮೇವನ್ನೂ ತಿನ್ನೋದಿಲ್ಲ. ಒಂದು ಬಕೆಟ್ಟಿಗೆ ನಿಂಬೆಹಣ್ಣಿನಷ್ಟು ಬೆಲ್ಲ, ಹುರುಳಿ ಬೇಯಿಸಿದ ಕಟ್ಟು ಒಂದು ಚೊಂಬು ಬೆರೆಸಿದೆವು. ಎಂಟು ದಿನದಲ್ಲಿ ಅದನ್ನು ಕಡಿಮೆ ಮಾಡುತ್ತ ಬಂದು ಬರೀ ನೀರಿಗೆ ತಂದೆವು. ದಿನಕ್ಕೆ ಎಷ್ಟು ಬಕೆಟ್ ಕುಡಿಯಿತು ಅಂತ ಎಣಿಸಿ. ಮೂರು ನೂರು ಕೆ.ಜಿ. ಎತ್ತು ಮೂವತ್ತು ನಲವತ್ತು ಲೀಟರ್ ಕುಡಿಯಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಮೇವಿನ ಲೆಕ್ಕ ಹೀಗೆ ಇಟ್ಟುಕೊಂಡೆವು. ಮೊದಲ ಮೂರು ದಿನ ಅವರ ಭತ್ತದ ಹುಲ್ಲು ಮುಕ್ಕಾಲು, ನಮ್ಮ ರಾಗಿ ಹುಲ್ಲು ಕಾಲು. ಆಮೇಲೆ ಮೂರು ನಾಲ್ಕು ದಿನ ಅರ್ಧ ಅರ್ಧ. ಹತ್ತನೇ ದಿನದ ಹೊತ್ತಿಗೆ ಪೂರ್ತಿ ರಾಗಿ ಹುಲ್ಲು. ನಮ್ಮ ಪುಣ್ಯಕ್ಕೆ ೨೦೨೨ರ ಒಳ್ಳೇ ಮಳೆಯ ಬಣವೆ ಅರ್ಧ ಉಳಿದಿತ್ತು. ಐದನೇ ದಿನದಿಂದ ಕಾಲು ಕೆ.ಜಿ. ಬೂಸ. ಪ್ರತಿ ಮೂರು ದಿನಕ್ಕೆ ಕಾಲು ಕೆ.ಜಿ. ಏರಿಸುತ್ತ ನಾಲ್ಕನೇ ವಾರಕ್ಕೆ ಎರಡು ಕೆ.ಜಿ.ಗೆ ಬಂದೆವು: ಗೋಧಿ ಬೂಸ ಒಂದು, ಕಡಲೆಕಾಯಿ ಹಿಂಡಿ ಅರ್ಧ, ನೆನೆಸಿ ಬೇಯಿಸಿದ ಹುರುಳಿ ಅರ್ಧ. ಅದನ್ನು ಬೆಳಿಗ್ಗೆ ಸಂಜೆ ಎರಡು ಪಾಲು. ಜೊತೆಗೆ ಒಂದೊಂದು ಹಿಡಿ ಉಪ್ಪು, ಖನಿಜ ಮಿಶ್ರಣ. ಹುರುಳಿ ಮನೆಯದು, ಉಳಿದದ್ದಕ್ಕೆ ಒಂದು ಎತ್ತಿಗೆ ದಿನಕ್ಕೆ ಐವತ್ತೈದು ರೂಪಾಯಿ ಹತ್ತಿರ ಬಿತ್ತು. ಸೆಗಣಿ ತೆಳುವಾದ ದಿನ ಏರಿಸೋದು ನಿಲ್ಲಿಸಿ, ಗಟ್ಟಿಯಾದ ಮೇಲೆ ಮುಂದುವರಿಸಿದೆವು.

ಮೂರು ವಾರ ಮನೆಯ ಹಸು ಕರುಗಳಿಂದ ದೂರ ಕಟ್ಟಬೇಕು. ೨೦೨೨ರಲ್ಲಿ ಚರ್ಮಗಂಟು ರೋಗ ಹಬ್ಬಿ ಎಷ್ಟೋ ಕಡೆ ದನದ ಜಾತ್ರೆಗಳೇ ನಿಂತದ್ದು ಎಲ್ಲರಿಗೂ ನೆನಪಿದೆ. ಮೊದಲು ಹಳೇ ದನಕ್ಕೆ ಮೇವು ಹಾಕಿ ಆಮೇಲೆ ಹೊಸದರ ಹತ್ತಿರ ಹೋಗಬೇಕು, ಬಕೆಟ್ಟು ಬೇರೆ ಇರಬೇಕು. ಆದರೆ ದೂರ ಅಂದರೆ ಕಣ್ಮರೆ ಅಲ್ಲ. ದನ ಒಂಟಿ ಇದ್ದರೆ ಹೆದರುತ್ತೆ. ನಾವು ಹುಣಸೆ ಮರದ ಕೆಳಗೆ ಚಪ್ಪರ ಹಾಕಿ ಕಟ್ಟಿದ್ದೆವು. ಮೂವತ್ತು ನಲವತ್ತು ಅಡಿ ಆಚೆಗೆ ನಮ್ಮ ಹಸು ಕಾಣುತ್ತಿತ್ತು. ಗೋಡೆಗೆ ಮುಖ ಮಾಡಿ ಕಟ್ಟಬೇಡಿ, ಬರೋರು ಹೋಗೋರು ಕಾಣಬೇಕು. ಜೋಡಿಯನ್ನು ಬೇರೆ ಮಾಡಬೇಡಿ, ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ ಇರಲಿ.

ಮೊದಲ ನಾಲ್ಕು ರಾತ್ರಿ ಎರಡೂ ಮಲಗಲಿಲ್ಲ. ನಿಂತೇ ಇದ್ದವು, ಕಿವಿ ನಿಮಿರಿಸಿಕೊಂಡು. ನಿದ್ದೆಯಿಲ್ಲದ ಎತ್ತಿಗೆ ಮೈ ಎಲ್ಲಿಂದ ಬರಬೇಕು? ಮೇವು ಹಾಕೋದು ಅಜ್ಜಿ ಅಂತ ತಿಳಿದಿದ್ದರಿಂದ ಆ ಕೆಲಸ ಪೂರ್ತಿ ನಮ್ಮ ಮನೆಯವಳೇ ವಹಿಸಿಕೊಂಡಳು. ಬೇರೆ ಯಾರೂ ಹತ್ತಿರ ಹೋಗಲಿಲ್ಲ, ನಾನೂ ಹೋಗಲಿಲ್ಲ. ಹೆಸರು ಹಿಡಿದು ಕರೆಯೋದು, ಗಂಗೆದೊಗಲು ತುರಿಸೋದು, ಅಂಗೈಯಲ್ಲಿ ಉಪ್ಪು ನೆಕ್ಕಿಸೋದು. ಊರವರು ಎತ್ತು ನೋಡೋಕೆ ಬಂದರೆ ದೂರದಿಂದಲೇ ನೋಡಿ ಅಂತ ಮುಖದ ಮೇಲೆ ಹೇಳುತ್ತಿದ್ದಳು. ಐದನೇ ರಾತ್ರಿ ರಾಮ ಮಲಗಿ ಮೆಲುಕು ಹಾಕಿತು. ಒಂದು ಉಂಡೆಯನ್ನು ನಲವತ್ತರಿಂದ ಅರವತ್ತು ಸಲ ಅಗಿದರೆ ಹೊಟ್ಟೆ ಸರಿಯಿದೆ ಅಂತ ಅರ್ಥ. ಟಾರ್ಚ್ ಬಿಡದೆ ಕತ್ತಲಲ್ಲಿ ಕೂತು ಎಣಿಸಿ.

ಟೇಪು ಹೇಳಿದ್ದು

ತೂಕದ ಯಂತ್ರ ನಮ್ಮಂಥವರಿಗೆ ಎಲ್ಲಿಂದ? ಒಂದು ಲೆಕ್ಕ ಇದೆ. ಮುಂಗಾಲಿನ ಹಿಂದೆ ಎದೆ ಸುತ್ತಳತೆ ಇಂಚಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಭುಜದ ಮೂಳೆಯಿಂದ ಹಿಂದಿನ ಪೃಷ್ಠದ ಮೂಳೆವರೆಗಿನ ಉದ್ದದಿಂದ ಮತ್ತೆ ಗುಣಿಸಿ, ೬೬೦ರಿಂದ ಭಾಗಿಸಿದರೆ ಸುಮಾರು ಕೆ.ಜಿ. ಸಿಗುತ್ತೆ. ದರ್ಜಿ ಟೇಪು ೬೦ ಇಂಚಿಗೆ ಮುಗಿಯುತ್ತೆ. ಹುರಿ ಸುತ್ತಿ ಗುರುತು ಮಾಡಿ ಆಮೇಲೆ ಅಳೆಯಿರಿ. ಬೆಳಿಗ್ಗೆ ಮೇವು ನೀರಿಗೆ ಮುಂಚೆ ಅಳೆದರೆ ಸರಿ.

ಬಂದ ಮಾರನೇ ಬೆಳಿಗ್ಗೆ ರಾಮನ ಸುತ್ತಳತೆ ೬೦, ಉದ್ದ ೫೨. ಅಂದರೆ ೨೮೪ ಕೆ.ಜಿ. ಹನ್ನೆರಡನೇ ದಿನ ಸುತ್ತಳತೆ ೫೯ಕ್ಕೆ ಇಳಿಯಿತು, ೨೭೪ ಕೆ.ಜಿ. ಹೆಚ್ಚಿನವರು ಹೆದರಿ ಕಾಳು ಸುರಿಯೋದು ಈ ದಿನಗಳಲ್ಲೇ. ನಾವು ಲೆಕ್ಕ ಬದಲಿಸಲಿಲ್ಲ. ಐದನೇ ವಾರಕ್ಕೆ ೬೧ ಆಯಿತು, ಮೂರು ತಿಂಗಳಿಗೆ ೬೪. ಅಂದರೆ ೩೨೩ ಕೆ.ಜಿ.

ಭೀಮ ಮಾತ್ರ ಐದನೇ ವಾರವೂ ೫೯ರಲ್ಲೇ ನಿಂತಿತು. ಅದೇ ಮೇವು, ಅದೇ ಕೈ, ಮೆಲುಕೂ ಸರಿ, ಆದರೆ ಕೂದಲು ಒರಟು. ಒಂದು ಬೆಳಿಗ್ಗೆ ಗದ್ದದ ಕೆಳಗೆ ನೀರು ತುಂಬಿದಂಥ ಊತ ಕಂಡಿತು. ಬೆಂಕಿಪೊಟ್ಟಣದಲ್ಲಿ ಹೊಸ ಸೆಗಣಿ ತುಂಬಿ ಪಶು ಆಸ್ಪತ್ರೆಗೆ ಒಯ್ದೆ. ಲಿವರಿನಲ್ಲಿ ಕೂರುವ ಚಪ್ಪಟೆ ಹುಳುವಿನ ಮೊಟ್ಟೆ ಸಿಕ್ಕಿತು. ಗದ್ದೆ, ನಾಲೆ, ಕೆರೆ ಅಂಚಿನ ಶಂಖದ ಹುಳುವಿನಿಂದ ಹುಲ್ಲಿಗೆ ಬಂದು ದನದ ಹೊಟ್ಟೆ ಸೇರೋ ಹುಳು ಇದು. ಒಣ ಊರಿನ ನಾವು ಇದನ್ನು ಕಂಡವರೇ ಕಮ್ಮಿ. ಮಾಮೂಲಿ ಜಂತಿನ ಔಷಧಿಯನ್ನು ಮಾಮೂಲಿ ಪ್ರಮಾಣದಲ್ಲಿ ಹಾಕಿದರೆ ಇದು ಸಾಯೋಲ್ಲ. ಡಾಕ್ಟರು ಇದಕ್ಕೇ ಬೇರೆ ಔಷಧಿ ತೂಕ ನೋಡಿ ಕೊಟ್ಟರು. ನಮ್ಮ ಟೇಪಿನ ಲೆಕ್ಕ ಅವರಿಗೂ ಉಪಯೋಗಕ್ಕೆ ಬಂತು. ನೀರಾವರಿ ಕಡೆಯಿಂದ ಎತ್ತು ತರೋರು ಎಂಟು ಹತ್ತು ದಿನದೊಳಗೆ ಸೆಗಣಿ ಪರೀಕ್ಷೆ ಮಾಡಿಸಿಬಿಡಿ.

ಕೆಲಸದ ವಿಷಯ. ಹದಿನೈದು ದಿನ ನೊಗ ತೋರಿಸಲಿಲ್ಲ, ಬೆಳಿಗ್ಗೆ ಸಂಜೆ ನಡೆಸೋದು ಅಷ್ಟೆ. ಗದ್ದೆ ಮಣ್ಣಿನಲ್ಲಿ ನಡೆದ ಗೊರಸು ನಮ್ಮ ಬೆಣಚುಕಲ್ಲಿಗೆ ಸವೆಯುತ್ತೆ, ಅದಕ್ಕೇ ಮೂರನೇ ವಾರ ಲಾಳ ಹೊಡೆಸಿದೆವು. ಆಮೇಲೆ ಖಾಲಿ ಗಾಡಿ, ದಿನಕ್ಕೆ ಒಂದು ಗಂಟೆ. ಏಪ್ರಿಲ್ಲಿನಲ್ಲಿ ಗೊಬ್ಬರದ ಗಾಡಿ, ಬಿಸಿಲೇರೋ ಮುಂಚೆ ಎರಡೇ ಸಲ. ಕಟ್ಟಿಹಾಕಿ ತಿನ್ನಿಸಿದರೆ ಬೇಗ ಮೈ ಬರುತ್ತೆ ಅನ್ನೋರ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗೆ ಬರೋದು ಹೊಟ್ಟೆ. ಹೆಗಲು, ತೊಡೆ ತುಂಬಬೇಕಾದರೆ ಹಗುರ ಕೆಲಸ ಇರಲೇಬೇಕು.

ಜೂನ್ ಹದಕ್ಕೆ ಮೂರೂವರೆ ಎಕರೆ ಕಡಲೆಕಾಯಿ ಈ ಜೋಡಿಯಲ್ಲೇ ಬಿತ್ತಿದೆವು. ಭೀಮನ ಅಳತೆ ಆಗ ೬೨. ಬಿಸಿಲು ಏರಿದ ಮೇಲೆ ಅದು ಬಾಯಿ ತೆರೆದು ಏದುಸಿರು ಬಿಡುತ್ತಿತ್ತು, ಹಾಗಾಗಿ ಹತ್ತು ಗಂಟೆಗೆ ನೊಗ ಇಳಿಸಿ ಉಳಿದದ್ದನ್ನು ಮಾರನೇ ಬೆಳಿಗ್ಗೆ ಮುಗಿಸಿದೆವು.