ಮಳೆ ಬಂದಾಗ ಮರದಡಿ ನಿಲ್ಲಬೇಡಿರಿ

ಏಪ್ರಿಲ್ ಮುಗಿಯುತ್ತ ಬಂತೆಂದರೆ ನಮ್ಮ ಮೇಜಿನ ಮೇಲೆ ರಜೆಯ ಅರ್ಜಿಗಳ ರಾಶಿ ಬೀಳುತ್ತದೆ. ಅಕ್ಕನ ಮಗಳ ಮದುವೆ, ಊರ ಜಾತ್ರೆ, ಹೊಲದ ಕೆಲಸ, ಕಾರಣ ಯಾವುದೇ ಇರಲಿ, ಗಿರಣಿಯ ಕನ್ನಡಿಗರಲ್ಲಿ ಬಹಳಷ್ಟು ಜನ ಮೇ ತಿಂಗಳಲ್ಲಿ ಊರ ಹಾದಿ ಹಿಡಿಯುತ್ತಾರೆ. ವಿಜಯಪುರ, ಕಲಬುರಗಿ, ರಾಯಚೂರುಗಳ ಕಡೆ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳು ಗುಡುಗು ಸಿಡಿಲುಗಳನ್ನು ಕಟ್ಟಿಕೊಂಡು ಬರುವುದೂ ಅದೇ ಹೊತ್ತಿಗೆ. ಮುಂಬಯಿಯ ಜುಲೈ ಮಳೆಯಲ್ಲಿ ನೆನೆದು ನೆನೆದು ನಾವು ಮಳೆಗೆ ಹೆದರುವುದನ್ನೇ ಬಿಟ್ಟಿದ್ದೇವೆ. ಆದರೆ ಇಲ್ಲಿಯ ಆ ಮಳೆಯಲ್ಲಿ ಗುಡುಗು ಕಡಿಮೆ. ಊರಿನ ಮಳೆಯ ಗುಣವೇ ಬೇರೆ.

ಕೆಲವು ವರ್ಷಗಳ ಹಿಂದೆ ನಮ್ಮ ಖಾತೆಯ ಗೆಳೆಯರೊಬ್ಬರು ಹೀಗೆಯೇ ಊರಿಗೆ ಹೋದವರು ತಮ್ಮನನ್ನು ಕಳೆದುಕೊಂಡು ಮರಳಿದರು. ಇಳಿಹೊತ್ತಿನಲ್ಲಿ ಅಣ್ಣತಮ್ಮಂದಿರು ಹೊಲದಲ್ಲಿದ್ದಾಗ ಮೋಡ ಕವಿದು ನಾಲ್ಕು ಹನಿ ಬಿದ್ದವು. ತಮ್ಮ ಬದುವಿನ ಬೇವಿನ ಮರದ ಬುಡಕ್ಕೆ ಓಡಿದ. ಎತ್ತುಗಳನ್ನು ಬಿಚ್ಚುತ್ತ ಗೆಳೆಯರು ಹಿಂದೆ ಉಳಿದರು. "ಅಣ್ಣಾ, ಲಗೂನ ಬಾ, ತೊಯ್ಸಿಕೋಬ್ಯಾಡ" ಎಂದು ಕರೆದದ್ದೇ ಅವನ ಕಡೆಯ ಮಾತು. ನೆನೆಯುತ್ತ ನಿಂತವರು ಉಳಿದರು, ಮರದಡಿ ನಿಂತವನು ಹೋದ.

ಮೋಡಕ್ಕೆ ಮೋಡ ಡಿಕ್ಕಿ ಹೊಡೆದರೆ ಸಿಡಿಲು ಹುಟ್ಟುತ್ತದೆಂದು ನಾವೂ ಚಿಕ್ಕಂದಿನಲ್ಲಿ ನಂಬಿದ್ದೆವು. ನಿಜಸಂಗತಿ ಹಾಗಲ್ಲ. ಹತ್ತು ಹನ್ನೆರಡು ಕಿಲೋಮೀಟರು ಎತ್ತರಕ್ಕೆ ಬೆಳೆದ ಕರಿಮೋಡದೊಳಗೆ ಗಾಳಿಯ ಸೆಳೆತಕ್ಕೆ ಸಿಕ್ಕು ಮಂಜಿನ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಕುತ್ತವೆ. ಆಗ ಹಗುರವಾದ ಹರಳುಗಳು ಧನ ವಿದ್ಯುತ್ತನ್ನು ಹೊತ್ತು ಮೇಲೇರುತ್ತವೆ. ಭಾರವಾದವು ಋಣ ವಿದ್ಯುತ್ತಿನೊಡನೆ ಕೆಳಗೆ ಉಳಿಯುತ್ತವೆ. ಈ ವಿದ್ಯುತ್ತು ಮಿತಿಮೀರಿದಾಗ ಗಾಳಿಯನ್ನು ಸೀಳಿಕೊಂಡು ನೆಲಕ್ಕೆ ಹಾಯುವುದೇ ಸಿಡಿಲು. ಅದು ಹಾದ ದಾರಿಯ ಗಾಳಿ ಕ್ಷಣಮಾತ್ರ ಸುಮಾರು 30,000 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಾದು ಸಿಡಿಯುವ ಸದ್ದೇ ಗುಡುಗು.

ಬಯಲಿನಲ್ಲಿ ಎತ್ತರವಾಗಿ ಒಂಟಿಯಾಗಿ ನಿಂತದ್ದಕ್ಕೆ ಸಿಡಿಲು ಬಡಿಯುವುದು ಹೆಚ್ಚು. ಮರಕ್ಕೆ ಬಡಿದ ವಿದ್ಯುತ್ತು ಪಕ್ಕದಲ್ಲಿರುವ ಮನುಷ್ಯನ ಮೈಗೆ ಜಿಗಿಯುತ್ತದೆ. ಬೇರಿನ ಸುತ್ತ ನೆಲದಲ್ಲಿಯೂ ಹರಡುತ್ತದೆ. ದನಗಳ ಮುಂಗಾಲು ಹಿಂಗಾಲುಗಳ ನಡುವಿನ ಅಂತರ ಹೆಚ್ಚಾದುದರಿಂದಲೇ ಮರದಡಿ ಕಟ್ಟಿದ ಎಮ್ಮೆ ಎತ್ತುಗಳು ಒಮ್ಮೆಗೇ ಸಾಯುತ್ತವೆ. ಎತ್ತರದ ಜಾಗವೂ ಅಷ್ಟೇ ಕೆಟ್ಟದ್ದು. 2021ರ ಜುಲೈ 11ರಂದು ಜಯಪುರದ ಆಮೇರ್ ಕೋಟೆಯ ಬಳಿಯ ಕಾವಲುಗೋಪುರದ ಮೇಲೆ ಮಳೆಯ ಸೊಬಗು ನೋಡಲು ನಿಂತಿದ್ದವರಿಗೆ ಸಿಡಿಲು ಬಡಿದು ಹನ್ನೊಂದು ಜನ ತೀರಿಕೊಂಡರು. ನಮ್ಮ ದೇಶದಲ್ಲಿ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗುತ್ತಾರೆ. ಅವರಲ್ಲಿ ಬಹುಪಾಲು ಹೊಲಗೆಲಸದವರೇ, ಎಂದರೆ ನಮ್ಮ ಮನೆಯವರೇ.

ಹಾಗಾದರೆ ಎಲ್ಲಿಗೆ ಹೋಗಬೇಕು? ಗೋಡೆ ಮಾಳಿಗೆಗಳುಳ್ಳ ಗಟ್ಟಿ ಮನೆಗೆ, ಇಲ್ಲವೆ ಉಕ್ಕಿನ ಚಾವಣಿಯ ಬಸ್ಸು ಕಾರುಗಳ ಒಳಕ್ಕೆ, ಕಿಟಕಿ ಮುಚ್ಚಿ. ಹೊಲದ ಚಪ್ಪರ, ರಿಕ್ಷಾ, ಟ್ರ್ಯಾಕ್ಟರುಗಳನ್ನು ನಂಬಬಾರದು. ಗುಡುಗು ಕಿವಿಗೆ ಬಿತ್ತೆಂದರೆ ಸಿಡಿಲು ಎಟಕುವ ದೂರದಲ್ಲಿಯೇ ಇದೆಯೆಂದು ತಿಳಿಯಬೇಕು; ಮಳೆ ಬೀಳದ ಕಡೆಗೂ ಅದು ಬಡಿಯುತ್ತದೆ. ಮಿಂಚು ಕಂಡ ಮೇಲೆ ಹದಿನೈದು ಸೆಕೆಂಡಿಗೆ ಗುಡುಗಿದರೆ ಸಿಡಿಲು ಐದು ಕಿಲೋಮೀಟರಿನಲ್ಲಿ ಬಿದ್ದಿದೆ ಎಂದು ಲೆಕ್ಕ. ಕಡೆಯ ಗುಡುಗಾಗಿ ಅರ್ಧ ತಾಸು ಕಳೆಯುವವರೆಗೆ ಹೊರಗೆ ಬರಬಾರದು. ಗಚ್ಚಿಯ ಮೇಲೆ ಒಣಹಾಕಿದ ಸಂಡಿಗೆ ತೊಯ್ದರೆ ತೊಯ್ಯಲಿ! ಆ ಹೊತ್ತಿನಲ್ಲಿ ಸ್ನಾನವೂ ಬೇಡ, ನಲ್ಲಿಯ ಕೆಳಗೆ ಪಾತ್ರೆ ತೊಳೆಯುವುದೂ ಬೇಡ. ಮೊಬೈಲು ಸಿಡಿಲನ್ನು ಎಳೆಯುತ್ತದೆಂಬ ಮಾತು ಸುಳ್ಳು. ವಿದ್ಯುತ್ ತಂತಿಗೆ ಸಿಕ್ಕಿಸಿಟ್ಟಾಗ ಮಾತ್ರ ಅದನ್ನು ಮುಟ್ಟಬಾರದು. ಅದೇ ಮೊಬೈಲಿಗೆ ಹಾಕಿಕೊಳ್ಳಲು ಪುಣೆಯ ಹವಾಮಾನ ವಿಜ್ಞಾನಿಗಳು 'ದಾಮಿನಿ' ಎಂಬ ಆ್ಯಪ್ ಮಾಡಿದ್ದಾರೆ. ಸುತ್ತ 20, 40 ಕಿಲೋಮೀಟರಿನೊಳಗಿನ ಸಿಡಿಲನ್ನು ಅದು ತಿಳಿಸುತ್ತದೆ.

ಬಟಾಬಯಲಿನಲ್ಲಿ ಸಿಕ್ಕಿಕೊಂಡರೆ ಮರ, ತಂತಿಬೇಲಿ, ಕೆರೆಗಳಿಂದ ದೂರ ಸರಿದು ಆಸರೆಯ ಕಡೆಗೆ ನಡೆಯಬೇಕು. ಗುಂಪಾಗಿದ್ದವರು ದೂರ ದೂರ ಹರಡಿಕೊಳ್ಳಬೇಕು. ನೆಲದ ಮೇಲೆ ಮಲಗಬಾರದು.

ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳುವ ರೂಢಿ ನಮ್ಮ ಮನೆಯಲ್ಲಿಯೂ ಇದೆ; ಮನೆಯೊಳಗೆ ಕುಳಿತು ಹೇಳಿದರೆ ತಕರಾರಿಲ್ಲ. ಆದರೆ ಒಂದು ರೂಢಿಯನ್ನು ಬಿಡಲೇಬೇಕು. ಗೆಳೆಯರ ತಮ್ಮ ಬಿದ್ದಾಗ ಊರವರು ಅವನನ್ನು ಮುಟ್ಟಲು ಮೊದಲು ಅಂಜಿದರು. ಆಮೇಲೆ ತಿಪ್ಪೆಯಲ್ಲಿ ಕುತ್ತಿಗೆಯವರೆಗೆ ಹೂತು, ಸಗಣಿ ಸಿಡಿಲನ್ನು ಹೀರುತ್ತದೆಂದು ಒಂದು ತಾಸು ಕಾದರು. ಸಿಡಿಲು ಬಡಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಆತನನ್ನು ಆ ಕ್ಷಣವೇ ಮುಟ್ಟಬಹುದು. ಸಿಡಿಲು ಬಡಿದವರೆಲ್ಲ ಸಾಯುವುದೂ ಇಲ್ಲ, ಹೆಚ್ಚಿನವರು ಬದುಕುತ್ತಾರೆ. ನಿಂತ ಹೃದಯ ಎಷ್ಟೋ ಸಲ ತಾನೇ ಮತ್ತೆ ಬಡಿಯತೊಡಗುತ್ತದೆ, ಉಸಿರು ಮಾತ್ರ ಹೊರಳುವುದಿಲ್ಲ. ಆದ್ದರಿಂದ ಉಸಿರಿಲ್ಲದೆ ಬಿದ್ದವನನ್ನು ಸತ್ತನೆಂದು ಬಿಡದೆ, ಒಬ್ಬರು 108ಕ್ಕೆ ಫೋನು ಮಾಡುವಷ್ಟರಲ್ಲಿ ಇನ್ನೊಬ್ಬರು ಎದೆಯ ನಡುವೆ ಎರಡೂ ಕೈಯಿಟ್ಟು ಮಿನಿಟಿಗೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತುತ್ತಿರಬೇಕು. ಬಾಯಿಗೆ ಬಾಯಿಟ್ಟು ಉಸಿರೂದಲು ಬಲ್ಲವರು ಊದಬೇಕು. ಇದನ್ನು ಕಣ್ಣಾರೆ ನೋಡಿ ಕಲಿಯಬೇಕೆನ್ನುವವರು ತಮ್ಮ ಕಾರಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಶಿಕ್ಷಣ ಪಡೆದವರನ್ನು ಊರಿಗೆ ಹೊರಡುವ ಮುಂಚೆಯೇ ಕೇಳಿಕೊಳ್ಳಿರಿ.