ಮ್ಯಾಕ್ಸ್‌ಗೊಬ್ಬ ಪುಕ್ಕಟೆ ತಮ್ಮ

ದುಡ್ಡಿನ ತಂತ್ರಾಂಶಕ್ಕೆ ಪುಕ್ಕಟೆ ಬದಲಿ ಎಂದರೆ ಯಾರೋ ನೋಡಿ ನಕಲು ಹೊಡೆದಿರಬೇಕು ಎಂಬ ಗುಮಾನಿ ಸಹಜ. ಸಂಗೀತದ ಪ್ರೋಗ್ರಾಮಿಂಗ್‌ನಲ್ಲಿ ಕಥೆ ಬೇರೆ. ಇಲ್ಲಿ ಅಣ್ಣ ತಮ್ಮ ಇಬ್ಬರಿಗೂ ತಂದೆ ಒಬ್ಬರೇ, ಅಮೆರಿಕದ ಮಿಲ್ಲರ್ ಪಕೆಟ್.

1980ರ ದಶಕದಲ್ಲಿ ಪ್ಯಾರಿಸ್ಸಿನ ಇರ್ಕಾಮ್ ಸಂಶೋಧನಾ ಕೇಂದ್ರದಲ್ಲಿದ್ದಾಗ ಪಕೆಟ್ ‘ಮ್ಯಾಕ್ಸ್’ ಎಂಬ ಸಂಗೀತ ತಂತ್ರಾಂಶ ಬರೆದರು. 1957ರಷ್ಟು ಹಿಂದೆಯೇ ಬೆಲ್ ಲ್ಯಾಬ್ಸ್‌ನ ಕಂಪ್ಯೂಟರಿನಿಂದ ಸಂಗೀತ ನುಡಿಸಿದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರದು. 1990ರಲ್ಲಿ ಅದು ಮಾರಾಟಕ್ಕೆ ಬಂತು. ಆಮೇಲೆ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದ ಪಕೆಟ್, ಅದೇ ಕಲ್ಪನೆಯನ್ನು 1996ರಲ್ಲಿ ಹೊಸದಾಗಿ ಬರೆದು ‘ಪ್ಯೂರ್ ಡೇಟಾ’ ಎಂದು ಕರೆದು, ಒಳಗಿನ ಕೋಡ್ ಸಮೇತ ಊರಿಗೆಲ್ಲ ಹಂಚಿಬಿಟ್ಟರು. ಬಳಸುವವರ ಬಾಯಲ್ಲಿ ಅದು ‘ಪಿಡಿ’. ಮರುವರ್ಷ ಮ್ಯಾಕ್ಸ್‌ಗೆ ತಾನೇ ದನಿ ಹುಟ್ಟಿಸುವ ಶಕ್ತಿ ಕೊಟ್ಟ ‘ಎಂಎಸ್‌ಪಿ’ ಭಾಗಕ್ಕೆ ಆಧಾರವಾದದ್ದು ಈ ಪಿಡಿಯ ಕೆಲಸವೇ. ತಮ್ಮನಿಂದ ಅಣ್ಣ ಸಾಲ ಪಡೆದ!

ಪಿಡಿಯಲ್ಲಿ ಸಾಲುಸಾಲು ಕೋಡ್ ಬರೆಯುವುದಿಲ್ಲ; ಪರದೆಯ ಮೇಲೆ ಪುಟ್ಟ ಪೆಟ್ಟಿಗೆಗಳನ್ನಿಟ್ಟು ತಂತಿ ಎಳೆಯುತ್ತಾರೆ. ಒಂದು ಪೆಟ್ಟಿಗೆ ಅಲೆ ಹುಟ್ಟಿಸುತ್ತದೆ, ಇನ್ನೊಂದು ಅದನ್ನು 0.1ರಿಂದ ಗುಣಿಸಿ ತಗ್ಗಿಸುತ್ತದೆ, ಮೂರನೆಯದು ಸ್ಪೀಕರಿಗೆ ಕಳಿಸುತ್ತದೆ. ಸೆಕೆಂಡಿಗೆ 44,100 ಅಂಕಿಗಳನ್ನು 64ರ ಕಂತುಗಳಲ್ಲಿ ಲೆಕ್ಕ ಹಾಕುತ್ತ ಹೋಗುವುದರಿಂದ, ನುಡಿಯುತ್ತಿರುವಾಗಲೇ ತಂತಿ ಬದಲಿಸಬಹುದು.

ನಮ್ಮ ಕಿವಿಗೆ ಇದರಲ್ಲೊಂದು ಲಾಭವಿದೆ. ಷಡ್ಜ 240 ಹರ್ಟ್ಸ್ ಇಟ್ಟುಕೊಂಡರೆ, ತಂಬೂರಿಯ ನಾದದಲ್ಲಿ ತಾನಾಗಿ ಹೊಮ್ಮುವ ಅಂತರ ಗಾಂಧಾರ ಅದರ ಒಂದೂಕಾಲು ಪಟ್ಟು, ಅಂದರೆ 300. ಹನ್ನೆರಡು ಸಮಪಾಲಿನ ಕೀಬೋರ್ಡ್ ಕೊಡುವುದು 302.4. ಆ ಎರಡು ಚಿಲ್ಲರೆಯ ಅಪಸ್ವರ ಶ್ರುತಿಶುದ್ಧಿಯಲ್ಲಿ ಪಳಗಿದವರನ್ನು ಚುಚ್ಚುತ್ತದೆ. ಪೆಟ್ಟಿಗೆಯಲ್ಲಿ 300 ಎಂದು ಬರೆದರೆ ಮುಗಿಯಿತು.

ಅಂದದಲ್ಲಿ ಮಾತ್ರ ತಮ್ಮ ಸೋತ. ಪಿಡಿಯ ಬಿಳಿ ಪರದೆ ಇಂದಿಗೂ ಹಳೇ ಕಾಲದ್ದೆನಿಸುತ್ತದೆ. ಮ್ಯಾಕ್ಸ್‌ನ ನಯ, ಕಲಿಸುವ ಜಾಣ್ಮೆ ಅದಕ್ಕಿಲ್ಲ. ಕೋಡ್ ಬರೆದೇ ನುಡಿಸುವವರಿಗೆ ಸೂಪರ್‌ಕೊಲೈಡರ್ ಇದೆ. ಜೇಮ್ಸ್ ಮೆಕಾರ್ಟ್ನಿ ಮೊದಲು ಮಾರುತ್ತಿದ್ದ ಅದು 2002ರಲ್ಲಿ ಮುಕ್ತವಾಯಿತು. ಮಕ್ಕಳಿಗಾದರೆ ಸ್ಯಾಮ್ ಏರನ್ ಅವರ ಸೋನಿಕ್ ಪೈ ಸಾಕು.

ಪಿಡಿ ಹಾಕಿಕೊಂಡು ನೋಡುವವರು ಹೆಡ್‌ಫೋನ್ ಏರಿಸುವ ಮುಂಚೆ ಆ 0.1ರ ಪೆಟ್ಟಿಗೆ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಮರೆತರೆ ಪೂರ್ತಿ ದನಿ ನೇರ ಕಿವಿಗೇ ಬಡಿಯುತ್ತದೆ.