ಮೀಟರ್ ಹೋಗಿದೆ ಎನ್ನುವ ಮುನ್ನ

ಬೆಂಗಳೂರಿನ ಸಾರಕ್ಕಿ, ಜೆ.ಪಿ. ನಗರ, ಬನಶಂಕರಿ ಕಡೆಯ ಹಳೆಯ ಮನೆಗಳ ಅಟ್ಟ, ಬೀರುಗಳಲ್ಲಿ ರೀಲಿನ ಕ್ಯಾಮೆರಾಗಳು ಇನ್ನೂ ಉಳಿದಿವೆ. ಕೆಳಗಿಳಿಸಿ ಧೂಳು ಒರೆಸಿದವರು ಹೇಳುವುದು ಹೆಚ್ಚಾಗಿ ಒಂದೇ ಮಾತು: ‘ಶಟರ್ ಬೀಳುತ್ತೆ, ಲೈಟ್ ಮೀಟರ್ ಮಾತ್ರ ಹೋಗಿದೆ.’ ಅಷ್ಟಕ್ಕೇ ಎಷ್ಟೋ ಒಳ್ಳೆಯ ಕ್ಯಾಮೆರಾಗಳು ಗುಜರಿ ಸೇರುತ್ತವೆ. ಆ ಆತುರ ಬೇಡ. ಮೀಟರ್ ಹೋಗಿದೆ ಎನಿಸಿಕೊಂಡ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಬೇಕಿರುವುದು ಸರಿಯಾದ ಸೆಲ್ ಮತ್ತು ತುಸು ಶುಚಿ.

ಮದುವೆ ಮನೆಗಳಲ್ಲಿ, ಸ್ಟುಡಿಯೊಗಳಲ್ಲಿ ದುಡಿದ ಯಾಶಿಕಾ ಮ್ಯಾಟ್-124ಜಿ ತೆಗೆದುಕೊಳ್ಳಿ. ಮೇಲಿನ ಹುಡ್ ಎತ್ತಿದರೆ ಸಾಕು, ಮೀಟರ್ ಚಾಲೂ ಆಗುತ್ತದೆ. ಮುಳ್ಳು ಕದಲದಿದ್ದರೆ ಪಕ್ಕದ ದುಂಡನೆಯ ಮುಚ್ಚಳವನ್ನು ನಾಣ್ಯದಿಂದ ತಿರುಗಿಸಿ ತೆಗೆಯಿರಿ. ವರ್ಷಗಟ್ಟಲೆ ಒಳಗೇ ಉಳಿದ ಸೆಲ್ ಸೋರಿ, ಹಿತ್ತಾಳೆಯ ಪಟ್ಟಿಯ ಮೇಲೆ ಹಸಿರು ಕಿಲುಬು ಕಟ್ಟಿರುತ್ತದೆ. ಕಡ್ಡಿಗೆ ಹತ್ತಿ ಸುತ್ತಿ, ಒಂದೆರಡು ಹನಿ ವಿನೆಗರ್ ಹಾಕಿ ಉಜ್ಜಿ. ಆಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಿ. ಆಗಲೂ ಮುಳ್ಳು ಏಳದಿದ್ದರೆ ಕಿಲುಬು ತಂತಿಯೊಳಕ್ಕೆ ಹತ್ತಿದೆ ಎಂದು ಅನುಮಾನಿಸಬೇಕು. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರ ಕಪ್ಪಾಗಿರುತ್ತದೆ. ಅಷ್ಟುದ್ದ ಕತ್ತರಿಸಿ ಹೊಸ ತಂತಿ ಬೆಸೆಯುವುದು ಕೈ ಪಳಗಿದವರ ಕೆಲಸ. ಇಲ್ಲಿ ದುಡುಕಿದರೆ ಮುಳ್ಳನ್ನು ಕದಲಿಸುವ ಗಾಲ್ವನೋಮೀಟರ್‌ನ ಕೂದಲೆಳೆಯಂಥ ಸುರುಳಿ ಹರಿದುಹೋಗುತ್ತದೆ.

ಇನ್ನೊಂದು ತೊಡಕು ಸೆಲ್ಲಿನ ವೋಲ್ಟೇಜಿನದು. ಆ ಕಾಲದ ಬಹುಪಾಲು ಮೀಟರ್‌ಗಳು 1.35 ವೋಲ್ಟಿನ ಪಾದರಸದ ಸೆಲ್‌ಗೆ ಹೊಂದಿಸಿದಂಥವು. ಆ ಸೆಲ್ ಮುಗಿಯುವವರೆಗೂ ವೋಲ್ಟೇಜ್ ಬಹುತೇಕ ಒಂದೇ ಮಟ್ಟದಲ್ಲಿರುತ್ತಿತ್ತು. ಪಾದರಸ ವಿಷವೆಂದು ಹಲವು ದೇಶಗಳು ಅದನ್ನು ನಿಲ್ಲಿಸಿದವು. ಅಮೆರಿಕ 1996ರಲ್ಲಿ ಕಾನೂನನ್ನೇ ತಂದಿತು. ಅದರ ಜಾಗಕ್ಕೆ 1.5 ವೋಲ್ಟಿನ ಆಲ್ಕಲೈನ್ ಸೆಲ್ ಹಾಕಿದರೆ ಮುಳ್ಳು ಏಳುತ್ತದೆ, ಆದರೆ ಇರುವುದಕ್ಕಿಂತ ಹೆಚ್ಚು ಬೆಳಕು ತೋರಿಸುತ್ತದೆ. ಅದನ್ನು ನಂಬಿ ತೆಗೆದ ಚಿತ್ರ ಕತ್ತಲಾಗುತ್ತದೆ. ಸುಲಭದ ದಾರಿಯೊಂದಿದೆ: ಶ್ರವಣ ಸಾಧನಗಳಿಗೆ ಹಾಕುವ 675 ನಂಬರಿನ ಜಿಂಕ್-ಏರ್ ಸೆಲ್. ಅದರದ್ದು ಸುಮಾರು 1.4 ವೋಲ್ಟ್. ಗಾತ್ರ ಚಿಕ್ಕದಾದ್ದರಿಂದ ಸುತ್ತ ಒಂದು ರಬ್ಬರ್ ವಾಶರ್ ಕೊಡಬೇಕು. ಪೆಂಟ್ಯಾಕ್ಸ್ ಸ್ಪಾಟ್‌ಮ್ಯಾಟಿಕ್ ಇದ್ದವರಿಗೆ ಈ ಚಿಂತೆಯಿಲ್ಲ. ಅದರ ಬ್ರಿಡ್ಜ್ ಸರ್ಕ್ಯೂಟ್ ವೋಲ್ಟೇಜಿನ ವ್ಯತ್ಯಾಸವನ್ನು ತಾನೇ ತಾಳಿಕೊಳ್ಳುತ್ತದೆ. 1976ರಲ್ಲಿ ಬಂದ ಪೆಂಟ್ಯಾಕ್ಸ್ ಕೆ1000ರಲ್ಲಿ ಮೀಟರಿಗೆ ಸ್ವಿಚ್ಚೇ ಇಲ್ಲ. ಲೆನ್ಸಿನ ಮುಚ್ಚಳವೇ ಸ್ವಿಚ್ಚು. ಮುಚ್ಚದೆ ಇಟ್ಟರೆ ಸೆಲ್ ಸುಮ್ಮನೆ ಖಾಲಿಯಾಗುತ್ತದೆ.

ಒಲಿಂಪಸ್ ಟ್ರಿಪ್ 35ಕ್ಕೆ ಸೆಲ್ಲೇ ಬೇಡ. ಲೆನ್ಸಿನ ಸುತ್ತಲಿನ ಸೆಲೆನಿಯಂ ಬೆಳಕಿನಿಂದಲೇ ವಿದ್ಯುತ್ ಕೊಡುತ್ತದೆ. ‘ಎ’ಯಲ್ಲಿಟ್ಟು, ಅಂಗೈಯಿಂದ ಮುಂಭಾಗ ಮುಚ್ಚಿ ಬಟನ್ ಒತ್ತಿ. ಕಿಂಡಿಯಲ್ಲಿ ಕೆಂಪು ಪಟ್ಟಿ ಎದ್ದು ಶಟರ್ ತಡೆದರೆ, ಬಿಸಿಲಲ್ಲಿ ತಡೆಯದಿದ್ದರೆ, ಸೆಲೆನಿಯಂಗೆ ಜೀವವಿದೆ. ಅದು ಪೂರ್ತಿ ಸತ್ತಿದ್ದರೆ ಇನ್ನೊಂದು ಕ್ಯಾಮೆರಾದಿಂದ ತೆಗೆದು ಹಾಕುವುದೇ ದಾರಿ.

ರಿಪೇರಿಯಾದ ಮೀಟರನ್ನು ಪರೀಕ್ಷಿಸಲು ಸಾರಕ್ಕಿ ಕೆರೆ ಏರಿಯ ನಡುಹಗಲ ಬಿಸಿಲು ಸಾಕು. 100 ಐಎಸ್‌ಒ, 1/125 ಸೆಕೆಂಡ್ ಇಟ್ಟು, ಬಿಸಿಲು ಬಿದ್ದ ಹುಲ್ಲಿನ ಕಡೆಗೆ ಹಿಡಿದಾಗ ಎಫ್16ರ ಆಸುಪಾಸು ತೋರಿಸಬೇಕು. ನೀರಿನ ಹೊಳಪಿಗೋ ಬೆಳ್ಳಕ್ಕಿಗಳ ಹಿಂಡಿಗೋ ಹಿಡಿಯಬೇಡಿ. ಮೀಟರ್ ಎಲ್ಲವನ್ನೂ ನಡುಬೂದು ಎಂದೇ ಲೆಕ್ಕ ಹಾಕುತ್ತದೆ. ಬೆಳಕನ್ನು ಹೀಗೆ ಅಳೆದು, ತೂಗಿ, ಕಣ್ಣಳತೆಯಲ್ಲೂ ಗ್ರಹಿಸಿ ಕೆಲಸ ಮಾಡಿದವರ ಪರಂಪರೆ ಈ ಊರಿನದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದ ಸಿನಿಮಾ ಛಾಯಾಗ್ರಾಹಕ ವಿ.ಕೆ. ಮೂರ್ತಿ ‘ಕಾಗಜ್ ಕೆ ಫೂಲ್’ ಚಿತ್ರದ ಬೆಳಕಿನ ಕಂಬಗಳನ್ನು ಮೂಡಿಸಿದ್ದು ರೀಲಿನ ಮೇಲೆಯೇ.

ನಿಮ್ಮ ಮನೆಯ ಕ್ಯಾಮೆರಾ ಅಟ್ಟದಲ್ಲಿದ್ದರೆ ಈ ವಾರವೇ ಇಳಿಸಿ, ಒಳಗಿನ ಸೆಲ್ ತೆಗೆದಿಡಿ. ಹಳೆಯ ಪಾದರಸದ ಸೆಲ್ಲನ್ನು ಮನೆಯ ಕಸದಲ್ಲಿ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಕೊಡಿ.